ಮೂರು ಒಲಿಂಪಿಕ್ ಚಿನ್ನ, ಒಂದು ಅನುಮತಿ ಪತ್ರ

ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಮೂರು ಚಿನ್ನದ ಪದಕ ಗೆದ್ದವರು ಈವರೆಗೆ ಮೂವರೇ. ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದರೆ ಇಬ್ಬರ ಹೆಸರು ಬೇಗ ನೆನಪಾಗುತ್ತದೆ: ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್ ಮತ್ತು ಅದೇ ದೇಶದ ಫೆಲಿಕ್ಸ್ ಸಾವೊನ್. ಮೂರನೆಯ ಹೆಸರಿಗೆ ಬಹಳಷ್ಟು ಮಂದಿ ತಡವರಿಸುತ್ತಾರೆ. ಆದರೆ ಆ ಸಾಧನೆಯನ್ನು ಎಲ್ಲರಿಗಿಂತ ಮೊದಲು ಮಾಡಿದವರು ಅವರೇ. 1948ರಲ್ಲಿ ಲಂಡನ್, 1952ರಲ್ಲಿ ಹೆಲ್ಸಿಂಕಿ, 1956ರಲ್ಲಿ ಮೆಲ್ಬರ್ನ್, ಈ ಮೂರೂ ಕಡೆ ಚಿನ್ನ ಗೆದ್ದ ಹಂಗರಿಯ ಲಾಸ್ಲೊ ಪಾಪ್.

ಪಾಪ್ ಬಗ್ಗೆ ಬರೆಯಬೇಕೆನಿಸಿದ್ದು ಪದಕಗಳ ಕಾರಣಕ್ಕಷ್ಟೇ ಅಲ್ಲ. ಒಲಿಂಪಿಕ್ಸ್ ಮುಗಿಸಿ ಅವರು ವೃತ್ತಿಪರ ಬಾಕ್ಸಿಂಗ್‌ಗೆ ಹೋದರು. ಅಲ್ಲಿನ ದಾಖಲೆ ಹೀಗಿದೆ: 29 ಪಂದ್ಯ, 27 ಗೆಲುವು, 2 ಡ್ರಾ, ಸೋಲು ಸೊನ್ನೆ. ಇಷ್ಟಾದರೂ ಅವರು ವಿಶ್ವ ಚಾಂಪಿಯನ್ ಆಗಲಿಲ್ಲ. ಯಾರೋ ಅವರನ್ನು ಹೊಡೆದುರುಳಿಸಿದರು ಎಂದಲ್ಲ. ಅವರ ಸರ್ಕಾರ ಕೊಟ್ಟಿದ್ದ ಅನುಮತಿಯನ್ನು ವಾಪಸ್ ಪಡೆಯಿತು, ಅಷ್ಟೇ. ಅರ್ಜಿ, ವಯೋಮಿತಿ, ಅರ್ಹತೆ, ಆದೇಶ ಎಂಬ ಪದಗಳ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಈ ಕಥೆ ಬುಡಾಪೆಸ್ಟ್‌ನಷ್ಟು ದೂರದ್ದೆನಿಸುವುದಿಲ್ಲ.

ಸೇತುವೆ ಕಳೆದುಕೊಂಡ ಊರಿನ ಹುಡುಗ

ಪಾಪ್ ಹುಟ್ಟಿದ್ದು 1926ರ ಮಾರ್ಚ್ 25ರಂದು, ಹಂಗರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ. ಅವರು ಹದಿನೆಂಟು ದಾಟಿ ಹತ್ತೊಂಬತ್ತಕ್ಕೆ ಕಾಲಿಡುವ ಹೊತ್ತಿಗೆ ಎರಡನೇ ಮಹಾಯುದ್ಧ ಆ ಊರಿನ ಬೀದಿಗಳಿಗೇ ಬಂದಿತ್ತು. 1944ರ ಡಿಸೆಂಬರ್‌ನಿಂದ 1945ರ ಫೆಬ್ರುವರಿವರೆಗೆ ನಡೆದ ಮುತ್ತಿಗೆಯಲ್ಲಿ ನಗರ ಜರ್ಜರಿತವಾಯಿತು. ಡ್ಯಾನ್ಯೂಬ್ ನದಿಯ ಒಂದು ದಡದಲ್ಲಿ ಬುಡಾ, ಇನ್ನೊಂದು ದಡದಲ್ಲಿ ಪೆಸ್ಟ್. ಎರಡನ್ನೂ ಸೇರಿಸುತ್ತಿದ್ದ ಸೇತುವೆಗಳೆಲ್ಲ ಸ್ಫೋಟಕ್ಕೆ ಸಿಕ್ಕಿ ನೀರಿಗೆ ಬಿದ್ದಿದ್ದವು.

ಯುದ್ಧ ಮುಗಿದ ಮೂರೇ ವರ್ಷಕ್ಕೆ ಆ ಊರಿನ ಹುಡುಗ ಲಂಡನ್‌ಗೆ ಹೋಗಿ ಚಿನ್ನ ಗೆದ್ದ ಎಂದರೆ ಅದರ ತೂಕ ಅರ್ಥವಾದೀತು. ಪಾಪ್ ಬೆಳೆದದ್ದು ಬುಡಾಪೆಸ್ಟ್‌ನ ರೈಲ್ವೆ ನೌಕರರ ಕ್ರೀಡಾ ಕ್ಲಬ್‌ನಲ್ಲಿ. ಹಂಗರಿಯಲ್ಲಿ ಆಗ ಕ್ರೀಡೆ ನಡೆಯುತ್ತಿದ್ದದ್ದೇ ಇಂಥ ಕ್ಲಬ್‌ಗಳ ಮೂಲಕ. ರೈಲ್ವೆಯವರಿಗೆ ಒಂದು, ಲೋಹ ಕಾರ್ಖಾನೆಯ ಕಾರ್ಮಿಕರಿಗೆ ಒಂದು, ಸೈನ್ಯಕ್ಕೆ ಇನ್ನೊಂದು. ಆಟಗಾರ ಕಾಗದದ ಮೇಲೆ ಒಬ್ಬ ನೌಕರ, ಸಂಜೆಯ ಹೊತ್ತಿಗೆ ಕ್ರೀಡಾಪಟು. ಆಟ ಆಡಿದ್ದಕ್ಕೆ ಹಣ ಪಡೆಯುವಂತಿಲ್ಲ. ಹವ್ಯಾಸಿ ಅಥವಾ ಅಮೆಚೂರ್ ಎಂಬ ಪದಕ್ಕೆ ಆಗಿನ ಒಲಿಂಪಿಕ್ಸ್‌ನಲ್ಲಿದ್ದ ಅರ್ಥ ಅದೇ. ಬಾಕ್ಸಿಂಗ್ ಆಡಿ ಒಮ್ಮೆ ಹಣ ಮುಟ್ಟಿದರೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತೆಂದೇ ಲೆಕ್ಕ.

ಈ ಗೆರೆಯನ್ನು ನೆನಪಿಟ್ಟುಕೊಳ್ಳಿ. ಪಾಪ್ ಬದುಕಿನ ಅರ್ಧ ಭಾಗ ಈ ಗೆರೆಯ ಆಚೆ, ಇನ್ನರ್ಧ ಈಚೆ ನಡೆಯಿತು.

ಎಡಗೈಯ ಲಾಭ

ಪಾಪ್ ಎಡಗೈ ಬಾಕ್ಸರ್. ಬಾಕ್ಸಿಂಗ್ ಭಾಷೆಯಲ್ಲಿ ಇವರನ್ನು ಸೌತ್‌ಪಾ ಎನ್ನುತ್ತಾರೆ. ಸಾಮಾನ್ಯವಾಗಿ ಬಲಗೈ ಬಾಕ್ಸರ್ ಎಡಗಾಲು, ಎಡಗೈಗಳನ್ನು ಮುಂದಿಟ್ಟು ನಿಲ್ಲುತ್ತಾನೆ. ಮುಂದಿನ ಕೈಯಲ್ಲಿ ಚಿಕ್ಕ ಚಿಕ್ಕ ಜ್ಯಾಬ್ ಹಾಕುತ್ತಾ ದೂರ ಅಳೆಯುತ್ತಾನೆ, ಹಿಂದಿನ ಬಲಗೈಯಲ್ಲಿ ದೊಡ್ಡ ಏಟು ಕೂಡಿಟ್ಟುಕೊಂಡಿರುತ್ತಾನೆ. ಎಡಗೈಯವನದ್ದು ಇದಕ್ಕೆ ಕನ್ನಡಿಯ ಬಿಂಬ. ಬಲಗಾಲು ಮುಂದೆ, ಬಿರುಸಾದ ಎಡಗೈ ಹಿಂದೆ.

ಇದರಿಂದೇನು ಲಾಭ? ಜಿಮ್‌ನಲ್ಲಿ ಹತ್ತು ಮಂದಿ ಜೊತೆಗಾರರಿದ್ದರೆ ಅವರಲ್ಲಿ ಎಂಟೊಂಬತ್ತು ಮಂದಿ ಬಲಗೈಯವರೇ ಇರುತ್ತಾರೆ. ಹಾಗಾಗಿ ಎಡಗೈಯವನಿಗೆ ಬಲಗೈಯವರ ಜೊತೆ ಆಡಿ ಆಡಿ ಅಭ್ಯಾಸವಾಗಿರುತ್ತದೆ. ಬಲಗೈಯವನಿಗೆ ಎಡಗೈಯವನು ಎದುರಾಗುವುದು ಎಲ್ಲೋ ಅಪರೂಪಕ್ಕೆ. ಏಟು ಬರುವ ದಿಕ್ಕೇ ಬೇರೆ, ಕಾಲಿಡಬೇಕಾದ ಜಾಗವೇ ಬೇರೆ. ಎದುರಾಳಿ ಇದನ್ನು ಲೆಕ್ಕ ಹಾಕುವುದರೊಳಗೆ ಪಾಪ್ ಅವರ ಎಡಗೈ ಹುಕ್ ಬಂದು ತಾಗುತ್ತಿತ್ತು. ಯುರೋಪಿನ ಬಾಕ್ಸರ್‌ಗಳು ಒಂದೂವರೆ ದಶಕದ ಕಾಲ ಹೆದರಿದ್ದು ಆ ಎಡಗೈಗೇ.

ಅದಕ್ಕೊಂದು ಬೆಲೆಯೂ ಇತ್ತು. ಅಷ್ಟು ಬಿರುಸಾಗಿ ಹೊಡೆಯುವವರ ಕೈಮೂಳೆಗಳು ಅಷ್ಟೇ ಗಟ್ಟಿಯಾಗಿರಬೇಕೆಂದೇನಿಲ್ಲ. ಪಾಪ್ ಅವರನ್ನು ಕೈಗಳ ಗಾಯ ಕೊನೆಯವರೆಗೂ ಕಾಡಿತು. ಎದುರಾಳಿಗೆ ಕೊಟ್ಟ ಏಟು ತಮಗೂ ನೋವು ಕೊಡುತ್ತಿದ್ದ ಬಾಕ್ಸರ್ ಅವರು.

ಲಂಡನ್‌ನಿಂದ ಹೆಲ್ಸಿಂಕಿಗೆ

1948ರ ಲಂಡನ್ ಒಲಿಂಪಿಕ್ಸ್ ಯುದ್ಧದ ನಂತರದ ಮೊದಲ ಒಲಿಂಪಿಕ್ಸ್. ಜರ್ಮನಿ ಮತ್ತು ಜಪಾನ್‌ಗೆ ಆಹ್ವಾನವಿರಲಿಲ್ಲ, ಸೋವಿಯತ್ ಒಕ್ಕೂಟ ಬಂದಿರಲಿಲ್ಲ. ಸ್ವತಂತ್ರ ಭಾರತ ತನ್ನ ಹೆಸರಿನಲ್ಲಿ ಮೊದಲ ಬಾರಿ ಹಾಕಿ ಚಿನ್ನ ಗೆದ್ದದ್ದು ಇಲ್ಲೇ. ಅದೇ ಕ್ರೀಡಾಕೂಟದ ಮಿಡಲ್‌ವೇಟ್ ವಿಭಾಗದಲ್ಲಿ, ಅಂದರೆ 73 ಕೆ.ಜಿ. ಮಿತಿಯಲ್ಲಿ, 22 ವರ್ಷದ ಪಾಪ್ ಫೈನಲ್ ತಲುಪಿದರು. ಎದುರಿಗೆ ಆತಿಥೇಯ ಬ್ರಿಟನ್‌ನ ಜಾನಿ ರೈಟ್. ಸ್ವಂತ ಊರಿನ ಪ್ರೇಕ್ಷಕರ ಬೆಂಬಲವಿದ್ದ ಎದುರಾಳಿಯನ್ನು ಅಂಕಗಳ ಮೇಲೆ ಸೋಲಿಸಿ ಪಾಪ್ ಮೊದಲ ಚಿನ್ನ ಗೆದ್ದರು. ಮರುವರ್ಷ ಓಸ್ಲೊದಲ್ಲಿ ಯುರೋಪಿಯನ್ ಚಾಂಪಿಯನ್, 1951ರಲ್ಲಿ ಮಿಲಾನ್‌ನಲ್ಲಿ ಮತ್ತೆ ಯುರೋಪಿಯನ್ ಚಾಂಪಿಯನ್.

1952ರ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಬಾಕ್ಸಿಂಗ್‌ಗೆ ಎರಡು ಹೊಸ ತೂಕದ ವಿಭಾಗಗಳು ಸೇರಿದವು. ಅವುಗಳಲ್ಲಿ 71 ಕೆ.ಜಿ.ಯ ಲೈಟ್ ಮಿಡಲ್‌ವೇಟ್ ಒಂದು. ಪಾಪ್ ಅಲ್ಲಿಗೆ ಇಳಿದರು. ಎರಡು ಕೆ.ಜಿ. ಎಂದರೆ ನಮಗೆ ಹಬ್ಬದ ಊಟದ ಮಾತು. ಬಾಕ್ಸರ್‌ಗೆ ಹಾಗಲ್ಲ. ಬೇಡದ ಕೊಬ್ಬೇ ಇಲ್ಲದ ಮೈಯಿಂದ ಎರಡು ಕೆ.ಜಿ. ಕಳೆದುಕೊಂಡು ಶಕ್ತಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಥ್ಯೂನಿಸ್ ವಾನ್ ಸ್ಕಾಲ್ಕ್‌ವಿಕ್ ಅವರನ್ನು ಸೋಲಿಸಿ ಪಾಪ್ ಎರಡನೇ ಚಿನ್ನ ಪಡೆದರು. ಆ ವರ್ಷ ಪುಟ್ಟ ದೇಶ ಹಂಗರಿ 16 ಚಿನ್ನ ಗೆದ್ದು ಪದಕ ಪಟ್ಟಿಯಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಂತರ ಮೂರನೇ ಸ್ಥಾನದಲ್ಲಿ ನಿಂತಿತು. ಫುಟ್‌ಬಾಲ್‌ನಲ್ಲಿ ಫೆರೆಂಕ್ ಪುಸ್ಕಾಸ್ ಇದ್ದ ತಂಡಕ್ಕೂ ಚಿನ್ನ.

ಇಲ್ಲಿ ನಮ್ಮವರೊಬ್ಬರ ನೆನಪಾಗದೆ ಇರದು. ಹಾಕಿಯ ಬಲ್ಬೀರ್ ಸಿಂಗ್ ಸೀನಿಯರ್ ಚಿನ್ನ ಗೆದ್ದ ಒಲಿಂಪಿಕ್ಸ್‌ಗಳೂ ಇದೇ ಮೂರು: 1948, 1952, 1956. ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಫೈನಲ್ ಆಡುವಾಗ ಬಲ್ಬೀರ್ ಅವರ ಬಲಗೈಯ ಮೂಳೆ ಮುರಿದಿತ್ತು. ಇಬ್ಬರದೂ ಒಂದೇ ಕಾಲ, ಒಂದೇ ಕ್ರೀಡಾಕೂಟಗಳು. ಇಬ್ಬರೂ ಕೈನೋವಿನೊಂದಿಗೇ ಆಡಿದವರು.

ಊರಲ್ಲಿ ಟ್ಯಾಂಕ್, ಎದುರಲ್ಲಿ ಟೋರೆಸ್

ಮೂರನೇ ಚಿನ್ನದ ಕಥೆ ಹಿಂದಿನ ಎರಡರ ಹಾಗಿಲ್ಲ. 1956ರಲ್ಲಿ ಪಾಪ್‌ಗೆ 30 ವರ್ಷ. ಮೂರು ಸುತ್ತಿನ ವೇಗದ ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಅದು ಹಿರಿತನದ ವಯಸ್ಸು. ಅದೇ ವರ್ಷ ಪೋಲೆಂಡಿನ ಜ್ಬಿಗ್ನ್ಯೆವ್ ಪ್ಯೆಟ್ಶಿಕೋವ್‌ಸ್ಕಿ ಎಂಬ ಯುವ ಬಾಕ್ಸರ್ ವಾರ್ಸಾದಲ್ಲಿ ಅವರನ್ನು ಸೋಲಿಸಿದ್ದರು. ಆಟ ಮುಗಿಯಿತು ಎನ್ನಲು ಅಷ್ಟು ಸಾಕಿತ್ತು.

ಅಷ್ಟರಲ್ಲಿ ದೇಶವೇ ಹೊತ್ತಿ ಉರಿಯಿತು. ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಸೋವಿಯತ್ ಹಿಡಿತದ ವಿರುದ್ಧ ಜನರು ದಂಗೆ ಎದ್ದರು. ಮೊದಲು ಬೀದಿಗಿಳಿದವರು ವಿದ್ಯಾರ್ಥಿಗಳು. ನವೆಂಬರ್ 4ರಂದು ಸೋವಿಯತ್ ಟ್ಯಾಂಕ್‌ಗಳು ನಗರಕ್ಕೆ ನುಗ್ಗಿ ದಂಗೆಯನ್ನು ಹೊಸಕಿ ಹಾಕಿದವು. ಸಾವಿರಾರು ಮಂದಿ ಸತ್ತರು, ಸುಮಾರು ಎರಡು ಲಕ್ಷ ಮಂದಿ ದೇಶ ಬಿಟ್ಟು ಹೋದರು. ಒಲಿಂಪಿಕ್ಸ್ ಆರಂಭವಾದದ್ದು ನವೆಂಬರ್ 22ರಂದು. ಹದಿನೆಂಟು ದಿನಗಳ ಅಂತರ. ಈ ದಾಳಿಯನ್ನು ಖಂಡಿಸಿ ಸ್ಪೇನ್, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್ ಕ್ರೀಡಾಕೂಟಕ್ಕೆ ಬರಲೇ ಇಲ್ಲ. ಹಂಗರಿಯ ಆಟಗಾರರು ಮಾತ್ರ ಬಂದರು. ಮನೆಯವರು ಹೇಗಿದ್ದಾರೆ, ಬೀದಿಯಲ್ಲಿ ಯಾರು ಉಳಿದಿದ್ದಾರೆ ಎಂಬುದೇ ತಿಳಿಯದ ಸ್ಥಿತಿಯಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ ಅವರು ಸ್ಪರ್ಧೆಗಿಳಿಯಬೇಕಿತ್ತು.

ಸೆಮಿಫೈನಲ್‌ನಲ್ಲಿ ಪಾಪ್‌ಗೆ ಎದುರಾದವರು ಬೇರೆ ಯಾರೂ ಅಲ್ಲ, ಅದೇ ಪ್ಯೆಟ್ಶಿಕೋವ್‌ಸ್ಕಿ. ವಾರ್ಸಾದ ಸೋಲಿಗೆ ಪಾಪ್ ಅಲ್ಲಿ ಉತ್ತರ ಕೊಟ್ಟರು. ಪ್ಯೆಟ್ಶಿಕೋವ್‌ಸ್ಕಿ ಸಾಮಾನ್ಯ ಬಾಕ್ಸರ್ ಆಗಿರಲಿಲ್ಲ. ನಾಲ್ಕು ವರ್ಷಗಳ ನಂತರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಫೈನಲ್‌ವರೆಗೆ ಹೋಗಿ, ಅಲ್ಲಿ ಸೋತದ್ದು ಕ್ಯಾಸಿಯಸ್ ಕ್ಲೇ ಎಂಬ ಹದಿನೆಂಟರ ಹುಡುಗನಿಗೆ. ಆ ಹುಡುಗನೇ ಮುಂದೆ ಮುಹಮ್ಮದ್ ಅಲಿ.

ಫೈನಲ್‌ನಲ್ಲಿ ಎದುರಾದವರು ಅಮೆರಿಕದ ಹೋಸೆ ಟೋರೆಸ್. ಪೋರ್ಟೊ ರಿಕೊದಲ್ಲಿ ಹುಟ್ಟಿದ, 20 ವರ್ಷದ, ಚುರುಕಾದ ಬಾಕ್ಸರ್. ಇಬ್ಬರ ನಡುವೆ ಹತ್ತು ವರ್ಷಗಳ ಅಂತರ. ಪಾಪ್ ಅಂಕಗಳ ಮೇಲೆ ಗೆದ್ದರು. ಬಾಕ್ಸಿಂಗ್ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರೂ ಮೂರನೇ ಒಲಿಂಪಿಕ್ ಚಿನ್ನ ನೋಡಿರಲಿಲ್ಲ.

ಇದಾದ ಕೆಲವೇ ದಿನಕ್ಕೆ, ಡಿಸೆಂಬರ್ 6ರಂದು, ಹಂಗರಿ ಮತ್ತು ಸೋವಿಯತ್ ತಂಡಗಳ ನಡುವಿನ ವಾಟರ್ ಪೋಲೊ ಪಂದ್ಯದಲ್ಲಿ ಕೊಳದ ನೀರು ಕೆಂಪಾದದ್ದು ನಿಮಗೆ ಗೊತ್ತಿರಬಹುದು. ಹಂಗರಿ 4–0 ಮುಂದಿದ್ದಾಗ ಸೋವಿಯತ್ ಆಟಗಾರನೊಬ್ಬನ ಹೊಡೆತಕ್ಕೆ ಎರ್ವಿನ್ ಜಾದೊರ್ ಅವರ ಕಣ್ಣಿನ ಬಳಿ ರಕ್ತ ಸುರಿಯಿತು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಕ್ರೀಡಾಕೂಟ ಮುಗಿದ ಮೇಲೆ ಹಂಗರಿಯ ಹಲವು ಕ್ರೀಡಾಪಟುಗಳು ತಾಯ್ನಾಡಿಗೆ ಮರಳಲಿಲ್ಲ. ಜಾದೊರ್ ಅಮೆರಿಕದಲ್ಲಿ ಬದುಕು ಕಟ್ಟಿಕೊಂಡರು. ಪುಸ್ಕಾಸ್ ಕೂಡ ಆ ಹೊತ್ತಿನಲ್ಲಿ ಪಶ್ಚಿಮದಲ್ಲೇ ಉಳಿದು ಮುಂದೆ ರಿಯಲ್ ಮ್ಯಾಡ್ರಿಡ್ ಸೇರಿದರು.

ಪಾಪ್ ಬುಡಾಪೆಸ್ಟ್‌ಗೆ ವಾಪಸ್ ಹೋದರು.

ಮೂವತ್ತೊಂದರಲ್ಲಿ ಹೊಸಬ

ಮೂರು ಚಿನ್ನ ಗೆದ್ದು ಮನೆಗೆ ಬಂದ ಮೂವತ್ತರ ಬಾಕ್ಸರ್ ಸಾಮಾನ್ಯವಾಗಿ ಏನು ಮಾಡಬೇಕು? ಸನ್ಮಾನ ಮಾಡಿಸಿಕೊಂಡು, ಒಂದು ಸರ್ಕಾರಿ ಹುದ್ದೆ ಹಿಡಿದು, ಕ್ಲಬ್‌ನಲ್ಲಿ ಹುಡುಗರಿಗೆ ಪಾಠ ಹೇಳಿಕೊಡಬೇಕು. ಪಾಪ್ ವೃತ್ತಿಪರ ಬಾಕ್ಸಿಂಗ್‌ಗೆ ಹೋಗಲು ಅನುಮತಿ ಕೇಳಿದರು. ಕಮ್ಯುನಿಸ್ಟ್ ಆಳ್ವಿಕೆಯ ಹಂಗರಿಯಲ್ಲಿ ವೃತ್ತಿಪರ ಬಾಕ್ಸಿಂಗ್ ಎಂಬುದೇ ಇರಲಿಲ್ಲ. ಹಣಕ್ಕಾಗಿ ಹೊಡೆದಾಡುವುದು ಬಂಡವಾಳಶಾಹಿ ದೇಶಗಳ ಚಾಳಿ ಎಂಬುದು ಅಧಿಕೃತ ನಿಲುವು. ಆದರೂ 1957ರಲ್ಲಿ ಸರ್ಕಾರ ಒಪ್ಪಿತು. ಸೋವಿಯತ್ ಬಣದ ದೇಶವೊಂದರಿಂದ ಹೀಗೆ ಅನುಮತಿ ಪಡೆದು ವೃತ್ತಿಪರರಾದ ಮೊದಲ ಬಾಕ್ಸರ್ ಪಾಪ್.

ಅವರು ಗಡಿಯಾಚೆ ವಿಯೆನ್ನಾವನ್ನು ತಮ್ಮ ನೆಲೆ ಮಾಡಿಕೊಂಡರು. ಮನೆ ಬುಡಾಪೆಸ್ಟ್‌ನಲ್ಲಿ, ಆಟ ಆಸ್ಟ್ರಿಯಾದಲ್ಲಿ. ನಡುವೆ ಶೀತಲ ಸಮರದ ಗಡಿ. ಒಂದೊಂದು ಪಂದ್ಯಕ್ಕೂ ಆ ಗಡಿ ದಾಟಬೇಕು, ದಾಟಲು ಬಿಡುವುದು ಸರ್ಕಾರದ ಕೈಯಲ್ಲಿತ್ತು.

ಹವ್ಯಾಸಿ ಮತ್ತು ವೃತ್ತಿಪರ ಬಾಕ್ಸಿಂಗ್ ಹೊರಗಿನಿಂದ ನೋಡಿದರೆ ಒಂದೇ ಆಟ. ಒಳಗೆ ಹೋದವರಿಗೆ ಎರಡೂ ಬೇರೆ ಬೇರೆ. ಪಾಪ್ ಆಡಿದ ಒಲಿಂಪಿಕ್ ಪಂದ್ಯ ಮೂರು ನಿಮಿಷಗಳ ಮೂರು ಸುತ್ತು, ಒಟ್ಟು ಒಂಬತ್ತು ನಿಮಿಷ. ಅಂದಿನ ವೃತ್ತಿಪರ ಪ್ರಶಸ್ತಿ ಪಂದ್ಯವೆಂದರೆ ಹದಿನೈದು ಸುತ್ತು, ನಲವತ್ತೈದು ನಿಮಿಷ. ನೂರು ಮೀಟರ್ ಓಟಗಾರನಿಗೆ ಮೂವತ್ತೊಂದರ ವಯಸ್ಸಿನಲ್ಲಿ ದೂರದ ಓಟ ಕಲಿ ಎಂದಂತೆ. ಉಸಿರಿನ ಲೆಕ್ಕ, ಹೆಜ್ಜೆಯ ಲೆಕ್ಕ, ಯಾವಾಗ ಹೊಡೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬ ಲೆಕ್ಕ ಎಲ್ಲವನ್ನೂ ಹೊಸದಾಗಿ ಕಲಿಯಬೇಕಿತ್ತು. ಸಾಲದ್ದಕ್ಕೆ ಕೈಗಳ ಗಾಯ.

ನಾನು ಓದಲು ಹೋಗುವ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರದ್ದೇ ದೊಡ್ಡ ಗುಂಪು. ಚಹಾದ ಹೊತ್ತಿನಲ್ಲಿ ಅಲ್ಲಿ ಹೆಚ್ಚು ಕೇಳಿಬರುವ ಮಾತು ಸಿಲಬಸ್ ಬಗ್ಗೆ ಅಲ್ಲ, ವಯಸ್ಸಿನ ಬಗ್ಗೆ. "ನಂದು ಇನ್ನೊಂದೇ ಚಾನ್ಸ್ ಉಳಿದಿರೋದು ಕಣೋ" ಎಂದು ಇಪ್ಪತ್ತೆಂಟರ ಅಣ್ಣಂದಿರು ಹೇಳುವಾಗ ಅವರ ದನಿ ಐವತ್ತರವರ ದನಿಯಂತೆ ಕೇಳಿಸುತ್ತದೆ. ಆ ಭಯ ಸುಳ್ಳಲ್ಲ. ವಯೋಮಿತಿ ಎಂಬುದು ನಿಜವಾಗಿಯೂ ಇದೆ, ಅದು ಯಾರಿಗೂ ಕಾಯುವುದಿಲ್ಲ. ಪಾಪ್ ಕಥೆ ಓದಿದರೆ ವಯೋಮಿತಿ ಮಾಯವಾಗುವುದಿಲ್ಲ. ಆದರೆ ಮೂವತ್ತೊಂದಕ್ಕೆ ಒಬ್ಬ ಮನುಷ್ಯ, ಅದೂ ತನ್ನ ಕ್ಷೇತ್ರದಲ್ಲಿ ಪಡೆಯಬೇಕಾದದ್ದನ್ನೆಲ್ಲ ಪಡೆದವನು, ಮತ್ತೆ ಮೊದಲ ಮೆಟ್ಟಿಲಲ್ಲಿ ನಿಂತ ಎಂಬುದು ತಿಳಿಯುತ್ತದೆ.

ಆ ಮೆಟ್ಟಿಲಿನಿಂದ ಅವರು ಮೇಲೇರಿದರು ಕೂಡ. 1962ರಲ್ಲಿ ವಿಯೆನ್ನಾದಲ್ಲಿ ಅಮೆರಿಕದ ರಾಲ್ಫ್ 'ಟೈಗರ್' ಜೋನ್ಸ್ ಅವರನ್ನು ಸೋಲಿಸಿದರು. ಈ ಜೋನ್ಸ್, 1955ರಲ್ಲಿ ಶುಗರ್ ರೇ ರಾಬಿನ್‌ಸನ್ ಅವರಂಥ ದಿಗ್ಗಜನನ್ನೇ ಮಣಿಸಿದ್ದವರು. ಅದೇ ವರ್ಷದ ಮೇ ತಿಂಗಳಲ್ಲಿ ಡೆನ್ಮಾರ್ಕ್‌ನ ಕ್ರಿಸ್ ಕ್ರಿಸ್ಟೆನ್‌ಸನ್ ಅವರನ್ನು ಸೋಲಿಸಿ ಪಾಪ್ ಯುರೋಪಿನ ಮಿಡಲ್‌ವೇಟ್ ವೃತ್ತಿಪರ ಚಾಂಪಿಯನ್ ಆದರು. ಆಗ ಅವರಿಗೆ 36 ವರ್ಷ. ಮುಂದಿನ ಎರಡೂವರೆ ವರ್ಷಗಳಲ್ಲಿ ಆ ಪ್ರಶಸ್ತಿಯನ್ನು ಕಸಿಯಲು ಫ್ರಾನ್ಸ್, ಬ್ರಿಟನ್, ಜರ್ಮನಿ, ಸ್ಪೇನ್‌ನ ಬಾಕ್ಸರ್‌ಗಳು ಒಬ್ಬರಾದ ಮೇಲೊಬ್ಬರು ಬಂದರು. 1963ರ ಕೊನೆಯಲ್ಲಿ ಪಾಪ್ ಮ್ಯಾಡ್ರಿಡ್‌ಗೇ ಹೋಗಿ ಸ್ಪೇನ್‌ನ ಲೂಯಿಸ್ ಫೊಲೆದೊ ಅವರನ್ನು ಅವರದೇ ನೆಲದಲ್ಲಿ ಸೋಲಿಸಿ ಬಂದರು. ಪ್ರಶಸ್ತಿ ಕೈತಪ್ಪಲಿಲ್ಲ.

ಮುಚ್ಚಿದ ಬಾಗಿಲು

ಉಳಿದಿದ್ದದ್ದು ಒಂದೇ ಮೆಟ್ಟಿಲು. ವಿಶ್ವ ಪ್ರಶಸ್ತಿ. ಆಗ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಅಮೆರಿಕದ ಜೋಯಿ ಜಿಯಾರ್ಡೆಲೊ. ಅವರೊಂದಿಗೆ ಪಂದ್ಯ ಏರ್ಪಡಿಸುವ ಮಾತುಕತೆ ನಡೆದಿತ್ತು. 1964ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಮಿಕ್ ಲೀಹಿ ವಿರುದ್ಧ ಹದಿನೈದು ಸುತ್ತು ಆಡಿ ಪಾಪ್ ಗೆದ್ದರು. ಆ ರಾತ್ರಿ ರಿಂಗ್‌ನಿಂದ ಇಳಿದವರು ಮತ್ತೆ ವೃತ್ತಿಪರ ಪಂದ್ಯಕ್ಕೆ ಹತ್ತಲಿಲ್ಲ.

ಇದಾದ ಸ್ವಲ್ಪ ಕಾಲಕ್ಕೆ ಹಂಗರಿ ಸರ್ಕಾರ ಅವರ ಅನುಮತಿಯನ್ನು ಹಿಂತೆಗೆದುಕೊಂಡಿತು. ಹಣಕ್ಕಾಗಿ ಬಾಕ್ಸಿಂಗ್ ಆಡುವುದು ಸಮಾಜವಾದಿ ತತ್ವಗಳಿಗೆ ಹೊಂದುವುದಿಲ್ಲ ಎಂಬುದು ಕೊಟ್ಟ ಕಾರಣ. ಆ ತತ್ವ 1957ರಲ್ಲೂ ಇತ್ತು. ಏಳೆಂಟು ವರ್ಷ ಅಡ್ಡಿ ಬಾರದ ಅದು, ವಿಶ್ವ ಪ್ರಶಸ್ತಿ ಒಂದು ಕೈಯಳತೆಯಲ್ಲಿದ್ದಾಗ ಅಡ್ಡ ಬಂತು. ಮೇಲ್ಮನವಿ ಸಲ್ಲಿಸಲು ನ್ಯಾಯಾಲಯವಿಲ್ಲ, ಪ್ರಶ್ನೆ ಕೇಳಲು ಸ್ವತಂತ್ರ ಪತ್ರಿಕೆಯಿಲ್ಲ.

ಕಾಲದ ಒಂದು ಕಾಕತಾಳೀಯ ನೋಡಿ. ಪಾಪ್ ಅವರ ಬಾಗಿಲು ಮುಚ್ಚಿದ ಅದೇ ಹೊತ್ತಿನಲ್ಲಿ, 1965ರ ಮಾರ್ಚ್‌ನಲ್ಲಿ, ಹೋಸೆ ಟೋರೆಸ್ ನ್ಯೂಯಾರ್ಕ್‌ನಲ್ಲಿ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಮೆಲ್ಬರ್ನ್‌ನಲ್ಲಿ ಸೋತವರಿಗೆ ವಿಶ್ವ ಕಿರೀಟ ಸಿಕ್ಕಿತು. ಗೆದ್ದವರಿಗೆ ಅದಕ್ಕಾಗಿ ಆಡುವ ಅವಕಾಶವೂ ಸಿಗಲಿಲ್ಲ.

ಕ್ಯೂಬಾದ ಸ್ಟೀವನ್‌ಸನ್ ಮತ್ತು ಸಾವೊನ್ ಕೂಡ ವೃತ್ತಿಪರ ಬಾಕ್ಸಿಂಗ್ ಆಡಲಿಲ್ಲ. ಆ ದೇಶದಲ್ಲಿ ಅದಕ್ಕೆ 1960ರ ದಶಕದ ಆರಂಭದಿಂದಲೇ ನಿಷೇಧವಿತ್ತು. ಮುಹಮ್ಮದ್ ಅಲಿ ಜೊತೆ ಆಡಲು ದೊಡ್ಡ ಮೊತ್ತದ ಆಹ್ವಾನ ಬಂದಾಗ ಸ್ಟೀವನ್‌ಸನ್ ನಿರಾಕರಿಸಿದ ಕಥೆ ಪ್ರಸಿದ್ಧ. ಆ ನಿರಾಕರಣೆ ಅವರಿಗೆ ಕೀರ್ತಿ ತಂದಿತು. ಪಾಪ್ ಪರಿಸ್ಥಿತಿ ಬೇರೆ. ಅವರು ಬೇಡ ಎಂದವರಲ್ಲ. ಕೇಳಿದರು, ಪಡೆದರು, ದುಡಿದರು, ಮೇಲೇರಿದರು. ಕೊನೆಯ ಮೆಟ್ಟಿಲಲ್ಲಿ ಏಣಿಯನ್ನು ಬೇರೆಯವರು ತೆಗೆದರು.

ನಮ್ಮ ಕಾಲದ ಹುಡುಗರಿಗೆ ಇದು ನಂಬಲು ಕಷ್ಟ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ನಮ್ಮ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದರು. ಅದು ಅವರ ಆಯ್ಕೆ. ಅದರ ಬಗ್ಗೆ ಚರ್ಚೆಯಾಯಿತು, ಆಕ್ಷೇಪಗಳೂ ಬಂದವು. ಆದರೆ ದೇಶ ಬಿಟ್ಟು ಹೊರಡದಂತೆ ಯಾರೂ ತಡೆಯಲಿಲ್ಲ. 2016ರ ರಿಯೊದಲ್ಲಂತೂ ವೃತ್ತಿಪರರಿಗೂ ಒಲಿಂಪಿಕ್ ಬಾಕ್ಸಿಂಗ್ ಬಾಗಿಲು ತೆರೆಯಿತು. ಪಾಪ್ ಬದುಕನ್ನು ಎರಡಾಗಿ ಸೀಳಿದ ಆ ಗೆರೆ ಈಗ ಬಹುಮಟ್ಟಿಗೆ ಅಳಿಸಿಹೋಗಿದೆ.

ರಿಂಗ್‌ನ ಮೂಲೆಯಲ್ಲಿ ಇಪ್ಪತ್ತೊಂದು ವರ್ಷ

ಹೀಗೆ ನಿಂತುಹೋದ ವೃತ್ತಿಜೀವನದ ನಂತರ ಮನುಷ್ಯ ಏನು ಮಾಡಬಹುದು? ಕಹಿಯಾಗಿ ಉಳಿಯಬಹುದು. ಹಾಗೆ ಉಳಿದಿದ್ದರೂ ಅವರನ್ನು ದೂರುವವರು ಯಾರೂ ಇರುತ್ತಿರಲಿಲ್ಲ. ಪಾಪ್ ಹವ್ಯಾಸಿ ಬಾಕ್ಸಿಂಗ್‌ಗೇ ಮರಳಿದರು, ಈ ಸಲ ಹಗ್ಗದ ಹೊರಗೆ. 1971ರಿಂದ 1992ರವರೆಗೆ ಅವರು ಹಂಗರಿ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದರು.

ಮೊದಲ ಫಲಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಂಗರಿಯ ಬಾಕ್ಸರ್‌ಗಳು ನಾಲ್ಕು ಪದಕ ಗೆದ್ದರು. 48 ಕೆ.ಜಿ. ವಿಭಾಗದಲ್ಲಿ ಗ್ಯೋರ್ಗಿ ಗೆಡೊ ಚಿನ್ನ, ಲಾಸ್ಲೊ ಓರ್ಬಾನ್ ಮತ್ತು ಯಾನೋಶ್ ಕಾಯ್ದಿ ಬೆಳ್ಳಿ, ಆಂಡ್ರಾಶ್ ಬೊಟೋಶ್ ಕಂಚು. ತಂಡದ ಅತಿ ಹಗುರ ಮೈಯ ಹುಡುಗ ಚಿನ್ನ ತಂದಾಗ ಮೂಲೆಯಲ್ಲಿದ್ದವರು, ತಾವೇ ಮೂರು ಬಾರಿ ಆ ವೇದಿಕೆ ಹತ್ತಿದ್ದವರು.

ತರಬೇತುದಾರನ ಕೆಲಸ ಎಂಥದ್ದು ಎಂದು ಬಾಕ್ಸಿಂಗ್ ಪಂದ್ಯ ನೋಡಿದವರಿಗೆ ಗೊತ್ತು. ಎರಡು ಸುತ್ತುಗಳ ನಡುವೆ ಸಿಗುವುದು ಒಂದೇ ನಿಮಿಷ. ಹುಡುಗ ಏದುಸಿರು ಬಿಡುತ್ತಾ ಸ್ಟೂಲ್ ಮೇಲೆ ಕೂರುತ್ತಾನೆ. ನೀರು ಕೊಡಬೇಕು, ಮುಖ ಒರೆಸಬೇಕು, ಒಂದೆರಡು ಮಾತಿನಲ್ಲಿ ಎದುರಾಳಿಯ ದೋಷ ತಿಳಿಸಬೇಕು. ಗಂಟೆ ಹೊಡೆದ ಕೂಡಲೇ ಸ್ಟೂಲ್ ಎತ್ತಿಕೊಂಡು ಹಗ್ಗದಾಚೆ ಇಳಿಯಬೇಕು. ಮುಂದಿನದ್ದೆಲ್ಲ ಹುಡುಗನದ್ದು. ಒಳಗಿರಲು ಬಿಡದೆ ಹೊರಗೆ ಕಳಿಸಲ್ಪಟ್ಟ ಒಬ್ಬ ಅಜೇಯ ಬಾಕ್ಸರ್ ಈ ಕೆಲಸವನ್ನು ಇಪ್ಪತ್ತೊಂದು ವರ್ಷ ಮಾಡಿದರು ಎಂಬುದು, ನನ್ನ ಮಟ್ಟಿಗೆ, ಮೂರು ಚಿನ್ನಗಳಿಗಿಂತ ಕಡಿಮೆಯದ್ದಲ್ಲ.

ಅವರು ಆ ಹುದ್ದೆಯಲ್ಲಿದ್ದಾಗಲೇ ದೇಶ ಮತ್ತೊಮ್ಮೆ ಬದಲಾಯಿತು. 1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಕೊನೆಗೊಂಡಿತು. ಆಸ್ಟ್ರಿಯಾ ಗಡಿಯ ತಂತಿಬೇಲಿ ಕಿತ್ತುಹಾಕಿದ್ದು ಅದೇ ವರ್ಷ. ಪಾಪ್ ಒಂದು ಕಾಲದಲ್ಲಿ ಪ್ರತಿ ಪಂದ್ಯಕ್ಕೂ ಅಪ್ಪಣೆ ಹಿಡಿದು ದಾಟುತ್ತಿದ್ದ ಗಡಿ ಅದು. ನಂತರ ಬಂದ ಹುಡುಗರಿಗೆ ದಾರಿ ಸಲೀಸಾಯಿತು. ಇಷ್ಟ್ವಾನ್ ಕೊವಾಚ್ 1991ರಲ್ಲಿ ಸಿಡ್ನಿಯಲ್ಲಿ ಹವ್ಯಾಸಿ ವಿಶ್ವ ಚಾಂಪಿಯನ್ ಆದರು, 1992ರಲ್ಲಿ ಬಾರ್ಸಿಲೋನಾದಲ್ಲಿ ಕಂಚು, 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಆಮೇಲೆ ಯಾರ ವಿಶೇಷ ಅಪ್ಪಣೆಯೂ ಬೇಕಿಲ್ಲದೆ ವೃತ್ತಿಪರರಾಗಿ, 2001ರಲ್ಲಿ ಡಬ್ಲ್ಯುಬಿಒ ಫೆದರ್‌ವೇಟ್ ವಿಶ್ವ ಪ್ರಶಸ್ತಿ ಗೆದ್ದರು. ಜೊಲ್ಟ್ ಎರ್ಡೈ 1997ರಲ್ಲಿ ಹವ್ಯಾಸಿ ವಿಶ್ವ ಚಾಂಪಿಯನ್, 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು, 2004ರಲ್ಲಿ ವೃತ್ತಿಪರ ವಿಶ್ವ ಚಾಂಪಿಯನ್. ಪಾಪ್ ನಿಲ್ಲಬೇಕಾದ ಮೆಟ್ಟಿಲನ್ನು ಅದೇ ದೇಶದ ಹುಡುಗರು ದಾಟಿದರು. ಕೊವಾಚ್ ವಿಶ್ವ ಪ್ರಶಸ್ತಿ ಗೆದ್ದಾಗ ಪಾಪ್ ಇನ್ನೂ ಬದುಕಿದ್ದರು.

ದಾಖಲೆಯಲ್ಲಿಲ್ಲದ ಕಾಲಂ

2001ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಪಾಪ್ ಹೆಸರನ್ನು ಸೇರಿಸಿಕೊಂಡಿತು. ವೃತ್ತಿಪರ ವಿಶ್ವ ಪ್ರಶಸ್ತಿಗಾಗಿ ಒಂದೇ ಒಂದು ಪಂದ್ಯವನ್ನೂ ಆಡದವರಿಗೆ ಅಲ್ಲಿ ಜಾಗ ಸಿಗುವುದು ಅಪರೂಪ. 2003ರ ಅಕ್ಟೋಬರ್ 16ರಂದು, 77ರ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲೇ ಅವರು ತೀರಿಕೊಂಡರು. ಮರುವರ್ಷ ಬುಡಾಪೆಸ್ಟ್‌ನ ದೊಡ್ಡ ಒಳಾಂಗಣ ಕ್ರೀಡಾಂಗಣಕ್ಕೆ ಲಾಸ್ಲೊ ಪಾಪ್ ಹೆಸರಿಟ್ಟರು. ಇಂದು ಅಲ್ಲಿ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. ಟಿಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುವ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದಿನ ಎಡಗೈಯನ್ನು ನೆನೆಯುತ್ತಾರೋ!

'ಕಷ್ಟಪಟ್ಟರೆ ಎಲ್ಲವೂ ಸಿಗುತ್ತದೆ' ಎಂಬ ಮಾತನ್ನು ನಾವು ಕಾಲೇಜಿನ ಪ್ರತಿ ಸಮಾರಂಭದಲ್ಲಿ ಕೇಳುತ್ತೇವೆ. ಪಾಪ್ ಬದುಕು ಆ ಮಾತಿಗೆ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ಕಷ್ಟಪಟ್ಟರೂ, ಯೋಗ್ಯತೆ ಇದ್ದರೂ, ಒಮ್ಮೆಯೂ ಸೋಲದಿದ್ದರೂ ಕೆಲವೊಮ್ಮೆ ಸಿಗುವುದಿಲ್ಲ. ಎಲ್ಲೋ ಒಂದು ಕಚೇರಿಯಲ್ಲಿ, ನಮ್ಮ ಮುಖವನ್ನೇ ನೋಡದ ಯಾರೋ ಒಬ್ಬರು ಬರೆಯುವ ಒಂದು ಸಾಲು ಸಾಕು. ನೇಮಕಾತಿ ರದ್ದಾದಾಗ, ಫಲಿತಾಂಶಕ್ಕೆ ತಡೆ ಬಿದ್ದಾಗ, ಪರೀಕ್ಷೆ ಮುಂದಕ್ಕೆ ಹೋಗುವಷ್ಟರಲ್ಲಿ ವಯಸ್ಸು ಮೀರಿದಾಗ 'ನೀನು ಇನ್ನಷ್ಟು ಓದಬೇಕಿತ್ತು' ಎಂದು ಬುದ್ಧಿ ಹೇಳಲು ಬರುವವರಿಗೆ ಈ ಬಾಕ್ಸರ್‌ನ ಕಥೆ ಹೇಳಬಹುದು. ಸಿಗದಿದ್ದದ್ದೆಲ್ಲ ಸೋಲಲ್ಲ. ಕೆಲವನ್ನು ಆಡಲು ಬಿಡದೆ ತಡೆದಿರುತ್ತಾರೆ. ಈ ಎರಡರ ವ್ಯತ್ಯಾಸ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರಬೇಕು.

ದಾಖಲೆ ಪುಸ್ತಕದಲ್ಲಿ ಪಾಪ್ ಹೆಸರಿನ ಮುಂದೆ ಈಗಲೂ ಇರುವುದು ಅಷ್ಟೇ ಅಂಕಿಗಳು: ಗೆಲುವು 27, ಡ್ರಾ 2, ಸೋಲು 0. ಆಡಲು ಬಿಡದ ಪಂದ್ಯಗಳಿಗೆ ಅಲ್ಲಿ ಕಾಲಂ ಇಲ್ಲ. ಗೆಡೊನಂಥ ಹುಡುಗರನ್ನು ತಯಾರು ಮಾಡಿದ ಇಪ್ಪತ್ತೊಂದು ವರ್ಷಗಳಿಗೂ ಇಲ್ಲ.